ಹೊಸ್ತಿಲಾಚೆಯ ಪಾಠ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಬಲ್ಲವರ ಮಾತು. ಈ ಎರಡನ್ನೂ ಒಟ್ಟಿಗೆ ಮಾಡುವ ಅವಕಾಶ ಇಂದಿನ ವಿದ್ಯಾರ್ಥಿಗಳಿಗೆ ಒದಗಿದೆ. ಒಂದು ದೇಶದ ವಿಶ್ವವಿದ್ಯಾನಿಲಯವು ಇನ್ನೊಂದು ದೇಶದ ವಿಶ್ವವಿದ್ಯಾನಿಲಯದೊಡನೆ ಒಪ್ಪಂದ ಮಾಡಿಕೊಂಡು, ತನ್ನ ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳುಹಿಸಿ ಅಲ್ಲಿನವರನ್ನು ಇಲ್ಲಿಗೆ ಬರಮಾಡಿಕೊಳ್ಳುವುದುಂಟು. ಇದಕ್ಕೆ ವಿದ್ಯಾರ್ಥಿ ವಿನಿಮಯವೆಂದು ಹೆಸರು. ಹೀಗೆ ಹೋದವರು ಪುಸ್ತಕದಿಂದ ಕಲಿಯುವುದು ಸ್ವಲ್ಪ. ದಿನದಿನದ ಬದುಕಿನಿಂದ ಕಲಿಯುವುದು ಬಹಳ.

ರಾಗಿಮುದ್ದೆ ಉಂಡು ಬೆಳೆದ ಹೊಸದುರ್ಗ ಸೀಮೆಯ ಹುಡುಗಿಯೊಬ್ಬಳು ಹೀಗೆ ದಕ್ಷಿಣ ಕೊರಿಯಾದ ರಾಜಧಾನಿಯಾದ ಸೋಲ್ ನಗರಕ್ಕೆ ಹೊರಟಳೆಂದು ಭಾವಿಸಿರಿ. ಅಲ್ಲಿ ವರ್ಷದ ಎರಡನೆಯ ಅವಧಿಯ ಪಾಠಗಳು ಸೆಪ್ಟೆಂಬರಿನಲ್ಲಿ ಆರಂಭವಾಗುತ್ತವೆ. ಮಗಳ ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಡಬ್ಬಿಯನ್ನಿಡುತ್ತ ತಾಯಿ ಕೇಳುವ ಪ್ರಶ್ನೆ ಒಂದೇ: “ಅಲ್ಲಿ ನಮ್ಮೋರು ಅಂತ ಯಾರಿದಾರವ್ವ?” ಆ ಪ್ರಶ್ನೆಗೆ ಮಗಳ ಬಳಿ ಉತ್ತರವಿಲ್ಲ.

ಕೊರಿಯಾದ ಮನೆಯೊಂದಕ್ಕೆ ಮೊದಲ ಬಾರಿ ಹೋದಾಗ ಅವಳ ಅಳುಕು ಹೊಸ್ತಿಲಲ್ಲೇ ಅರ್ಧ ಇಳಿಯುತ್ತದೆ. ಅಲ್ಲಿಯೂ ಪಾದರಕ್ಷೆಗಳನ್ನು ಬಾಗಿಲ ಬಳಿಯೇ ಬಿಡಬೇಕು. ಚಳಿಗಾಲದಲ್ಲಿ ಒಳಗಿನ ನೆಲ ಬೆಚ್ಚಗಿರುತ್ತದೆ. ಹಿಂದೆ ಅಡುಗೆಮನೆಯ ಒಲೆಯ ಬಿಸಿಹೊಗೆಯನ್ನು ನೆಲದಡಿಯ ಕಾಲುವೆಗಳ ಮೂಲಕ ಹಾಯಿಸಿ ಕೋಣೆಯನ್ನು ಕಾಯಿಸುತ್ತಿದ್ದರು. ಈ ಏರ್ಪಾಟಿಗೆ ‘ಓಂದೊಲ್’ ಎಂದು ಹೆಸರು. ಇಂದು ಹೊಗೆಯ ಬದಲು ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ. ನೆಲದ ಮೇಲೆ ಕುಳಿತು ಉಣ್ಣುವ, ಹಾಸಿಕೊಂಡು ಮಲಗುವ ರೂಢಿ ಅಲ್ಲಿ ಬೆಳೆದುದೇಕೆಂಬುದು ಇದರಿಂದ ತಿಳಿಯುತ್ತದೆ. ಅಲ್ಲಿನವರು ಹಿರಿಯರಿಗೆ ತಲೆಬಾಗಿ ವಂದಿಸುತ್ತಾರೆ. ಹಿರಿಯರಿಂದ ಏನನ್ನಾದರೂ ಪಡೆಯುವಾಗ ಎರಡು ಕೈಗಳನ್ನೂ ಒಡ್ಡುತ್ತಾರೆ. ಇದನ್ನು ಅವಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಅಲ್ಲಿನ ಭಾಷೆ ಕಲಿಯುವುದು ಸುಲಭವಲ್ಲ. ಆದರೂ ಕೊರಿಯಾದ ಮಕ್ಕಳು ತಂದೆಯನ್ನು ‘ಅಪ್ಪಾ’ ಎಂದೂ ತಾಯಿಯನ್ನು ‘ಅಮ್ಮಾ’ ಎಂಬಂತೆಯೇ ಕೇಳಿಸುವ ‘ಒಮ್ಮಾ’ ಎಂದೂ ಕರೆಯುವುದನ್ನು ಕೇಳಿದಾಗ ಅವಳು ಬೆರಗಾಗುತ್ತಾಳೆ. ನಾವು ಕಿರಿಯರಿಗೆ ‘ಬಾ’ ಎಂದು, ಹಿರಿಯರಿಗೆ ‘ಬನ್ನಿ’ ಎಂದು ಹೇಳುವಂತೆ, ಅವರ ಕ್ರಿಯಾಪದಗಳೂ ಎದುರಿಗಿರುವವರ ವಯಸ್ಸು, ಸ್ಥಾನಗಳಿಗೆ ತಕ್ಕಂತೆ ಬದಲಾಗುತ್ತವೆ. ಅಲ್ಲಿನ ಲಿಪಿಗೆ ‘ಹಂಗುಲ್’ ಎಂದು ಹೆಸರು. ಕಷ್ಟವಾದ ಚೀನೀ ಲಿಪಿಯನ್ನು ಕಲಿಯಲಾರದ ಸಾಮಾನ್ಯ ಜನರೂ ಓದುಬರಹ ಬಲ್ಲವರಾಗಲೆಂದು ಸೇಜೋಂಗ್ ಎಂಬ ಅರಸನು 1443ರಲ್ಲಿ ಇದನ್ನು ರೂಪಿಸಿ, 1446ರಲ್ಲಿ ಪ್ರಕಟಿಸಿದನು. ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು 24. ವ್ಯಂಜನ ಸ್ವರಗಳನ್ನು ಕೂಡಿಸಿ ಒಂದೊಂದು ಅಕ್ಷರವಾಗಿ ಬರೆಯುವ ಕ್ರಮ ಕಾಗುಣಿತ ಬಲ್ಲವಳಿಗೆ ಬೇಗ ಹಿಡಿಸುತ್ತದೆ.

ಊಟದ ವಿಷಯ ಹಾಗಲ್ಲ. ಅನ್ನವನ್ನು ಅವರು ಚಮಚದಿಂದ ಉಣ್ಣುತ್ತಾರೆ. ಪಲ್ಯಗಳನ್ನು ಲೋಹದ ಎರಡು ಕಡ್ಡಿಗಳಿಂದ ಎತ್ತುತ್ತಾರೆ. ಹಿರಿಯರು ಚಮಚ ಹಿಡಿಯುವವರೆಗೆ ಕಿರಿಯರು ಕಾಯಬೇಕು. ಕೈಯಿಂದ ಕಲಸಿ ಉಂಡು ಬೆಳೆದವಳ ಬೆರಳಿನಿಂದ ಕಡ್ಡಿ ಜಾರುತ್ತದೆ. ಅವಳು ಸಸ್ಯಾಹಾರಿಯಾಗಿದ್ದರಂತೂ ತೊಡಕು ಹೆಚ್ಚು. ಎಲೆಕೋಸಿಗೆ ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ ಬೆರೆಸಿ ಹುಳಿಬರಿಸಿದ ‘ಕಿಮ್ಚಿ’ ಅಲ್ಲಿನವರಿಗೆ ಪ್ರತಿದಿನವೂ ಬೇಕು. ನೋಡಲು ಉಪ್ಪಿನಕಾಯಿಯಂತಿರುವ ಅದಕ್ಕೆ ಸಾಮಾನ್ಯವಾಗಿ ಮೀನಿನ ರಸವನ್ನೂ ಸೇರಿಸಿರುತ್ತಾರೆ. ಪ್ರೀತಿಯಿಂದ ಬಡಿಸಿದ್ದನ್ನು ಬೇಡವೆನ್ನುವುದು ಹೇಗೆ? ಮುಖ ಸಿಂಡರಿಸಿದರೆ ಅತಿಥೇಯರಿಗೆ ನೋವು. ಸುಮ್ಮನೆ ಉಂಡರೆ ತನಗೆ ನೋವು. ಮೊದಲ ದಿನಗಳಲ್ಲಿ ಅರೆಹೊಟ್ಟೆಯಲ್ಲಿ ಮಲಗಿ, ಮನೆಯನ್ನು ನೆನೆದು ಕಣ್ಣೀರಿಟ್ಟ ಮೇಲೆ, ತಲೆಬಾಗಿ ಕಾರಣವನ್ನು ತಿಳಿಸಿ ಕ್ಷಮೆ ಕೇಳುವುದೇ ಸರಿಯಾದ ದಾರಿಯೆಂದು ಅವಳು ಕಂಡುಕೊಳ್ಳುತ್ತಾಳೆ. ಮರುದಿನ ಎದುರಾದ ಗೆಳತಿ “ಊಟವಾಯಿತೆ?” ಎಂದು ವಿಚಾರಿಸುತ್ತಾಳೆ. ಅಲ್ಲಿಯೂ ಅದು ಕುಶಲಪ್ರಶ್ನೆ! ಚಳಿಗಾಲದ ಮೊದಲಲ್ಲಿ ಮನೆಯವರೂ ನೆರೆಯವರೂ ಕೂಡಿ ರಾಶಿ ರಾಶಿ ಕಿಮ್ಚಿ ಮಾಡುವುದನ್ನು ಕಂಡಾಗ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಮಾಡಲು ನೆರೆಯುವ ತನ್ನೂರಿನ ಹೆಂಗಸರು ಅವಳಿಗೆ ನೆನಪಾಗುತ್ತಾರೆ. ಕೂಡಿ ದುಡಿಯುವ ಈ ಪದ್ಧತಿಯನ್ನು ಯುನೆಸ್ಕೋ ಸಂಸ್ಥೆಯು 2013ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಶರತ್ಕಾಲದ ಹುಣ್ಣಿಮೆಯಂದು ಬರುವ ‘ಚೂಸೊಕ್’ ಅಲ್ಲಿನ ದೊಡ್ಡ ಹಬ್ಬ. ಎಲ್ಲರೂ ಊರಿಗೆ ಮರಳಿ, ಹೊಸ ಬೆಳೆಯ ಅಡುಗೆಯನ್ನು ಗತಿಸಿದ ಹಿರಿಯರಿಗೆ ಎಡೆಯಿಟ್ಟು, ಅವರ ಸಮಾಧಿಗೆ ವಂದಿಸುತ್ತಾರೆ. ಅಂದು ಹಬೆಯಲ್ಲಿ ಬೇಯಿಸುವ ಅಕ್ಕಿಹಿಟ್ಟಿನ ತಿನಿಸು ನಮ್ಮ ಕಡುಬಿನ ತಂಗಿಯಂತಿದೆ. ಆದರೆ ಆ ದೇಶ ಇಬ್ಭಾಗವಾಗಿದೆ. ಉತ್ತರದಿಂದ ಬಂದು ದಕ್ಷಿಣದಲ್ಲಿ ನೆಲೆಸಿದವರ ಹಿರಿಯರ ಸಮಾಧಿಗಳು ಗಡಿಯಾಚೆ ಉಳಿದಿವೆ. ಅಂಥವರು ಗಡಿಯ ಸಮೀಪದ ಇಮ್ಜಿನ್‌ಗಾಕ್ ಎಂಬಲ್ಲಿ ನಿಂತು ಉತ್ತರಕ್ಕೆ ಮುಖಮಾಡಿ ನಮಸ್ಕರಿಸುತ್ತಾರೆ. ಇದನ್ನು ಕಂಡವಳಿಗೆ ತನ್ನ ಅಗಲಿಕೆ ಅಲ್ಪವೆನಿಸುತ್ತದೆ. 1950ರಿಂದ 1953ರವರೆಗೆ ನಡೆದ ಆ ಯುದ್ಧದಲ್ಲಿ ಭಾರತವು ಗಾಯಾಳುಗಳ ಶುಶ್ರೂಷೆಗೆ ವೈದ್ಯಕೀಯ ದಳವನ್ನು ಕಳುಹಿಸಿತ್ತು. ಯುದ್ಧ ನಿಂತ ಮೇಲೆ, ಸ್ವದೇಶಕ್ಕೆ ಮರಳಲೊಪ್ಪದ 22 ಸಾವಿರಕ್ಕೂ ಹೆಚ್ಚು ಸೆರೆಯಾಳುಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಕೊಡಗಿನ ಕೆ. ಎಸ್. ತಿಮ್ಮಯ್ಯನವರು ಅಧ್ಯಕ್ಷರಾಗಿದ್ದರು.

ಅವಳ ನಿಜವಾದ ಪರೀಕ್ಷೆ ಗೆಳತಿಯರ ಪ್ರಶ್ನೆಗಳಿಂದ ಮೊದಲಾಗುತ್ತದೆ. ಚಿತ್ರದುರ್ಗದ ಕಲ್ಲುಕೋಟೆಯ ಚಿತ್ರವನ್ನು ನೋಡಿ, “ಅಷ್ಟು ಎತ್ತರದಲ್ಲಿ ನೀರಿಗೇನು ಮಾಡುತ್ತಿದ್ದರು?” ಎಂದು ಒಬ್ಬಳು ಕೇಳುತ್ತಾಳೆ. ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರದ ಕಥೆ ಇನ್ನೊಬ್ಬಳಿಗೆ ಬೇಕು. ಯೋಗ ಕಲಿಯುತ್ತಿರುವ ಮತ್ತೊಬ್ಬಳು, “ನಿಮ್ಮ ಕಡೆ ಇದನ್ನು ಕಲಿಸಿದವರು ಯಾರು?” ಎನ್ನುತ್ತಾಳೆ. ಅವಳು ನಿರುತ್ತರಳಾಗುತ್ತಾಳೆ. ಕೋಟೆಯನ್ನು ಹತ್ತು ಸಲ ಹತ್ತಿದ್ದಳು; ಮಳೆನೀರನ್ನು ಹಿಡಿದಿಡುವ ಅಲ್ಲಿನ ಹೊಂಡಗಳ ಜಾಣ್ಮೆಯನ್ನು ಯೋಚಿಸಿರಲಿಲ್ಲ. ಆ ಜಲಾಶಯ 1907ರಲ್ಲಿ ಮುಗಿಯಿತೆಂದು ತಿಳಿದಿರಲಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು ಅಸಂಖ್ಯಾತ ಜನರಿಗೆ ಯೋಗ ಕಲಿಸಿದ್ದನ್ನು ಕೇಳಿದ್ದರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಆ ರಾತ್ರಿ ಅವಳು ಮನೆಗೆ ದೂರವಾಣಿ ಮಾಡಿ ಊಟತಿಂಡಿಯ ಮಾತು ಬಿಟ್ಟು ಅಜ್ಜನನ್ನು ಕರೆಯುತ್ತಾಳೆ. ಒಂದೊಂದನ್ನೂ ಕೇಳಿ ಬರೆದುಕೊಳ್ಳುತ್ತಾಳೆ.

ಪರರ ಆಚಾರವನ್ನು ಕಂಡು ನಗುವುದು ಸುಲಭ. ಅದರ ಕಾರಣವನ್ನು ಕೇಳಿ ತಿಳಿಯುವುದು ವಿದ್ಯೆ. ತನ್ನ ಆಚಾರಕ್ಕೆ ಕಾರಣ ಹೇಳಬೇಕಾಗಿ ಬಂದಾಗ ತನ್ನ ಅರಿವೆಷ್ಟೆಂಬುದೂ ಗೊತ್ತಾಗುತ್ತದೆ. ಅವಧಿ ಮುಗಿಸಿ ಊರಿಗೆ ಮರಳಿದ ಮಗಳನ್ನು ತಾಯಿ ಮತ್ತೆ ಕೇಳುತ್ತಾಳೆ: “ನಮ್ಮೋರು ಸಿಕ್ಕಿದ್ರಾ?” ಮಗಳು ಪೆಟ್ಟಿಗೆಯಿಂದ ಚಟ್ನಿಪುಡಿಯ ಡಬ್ಬಿಯನ್ನು ಹೊರತೆಗೆಯುತ್ತಾಳೆ. ಅದರಲ್ಲಿ ಗೆಳತಿಯ ತಾಯಿ ತುಂಬಿ ಕಳುಹಿಸಿದ ಹುರಿದ ಎಳ್ಳು ಇದೆ. “ಬರಿಯ ಡಬ್ಬಿ ಕಳಿಸಬಾರದು ಅಂದ್ರು ಕಣವ್ವ” ಎನ್ನುತ್ತಾಳೆ.

ಅಭ್ಯಾಸ

1. ವಿದ್ಯಾರ್ಥಿ ವಿನಿಮಯವೆಂದರೇನು?
2. ಹಂಗುಲ್ ಲಿಪಿಯನ್ನು ರೂಪಿಸಿದ ಉದ್ದೇಶವೇನು?
3. ಗೆಳತಿಯರ ಪ್ರಶ್ನೆಗಳಿಗೆ ಹುಡುಗಿ ನಿರುತ್ತರಳಾದುದೇಕೆ? ವಿವರಿಸಿರಿ.
4. ನಿಮ್ಮ ಊರಿನ ಒಂದು ಪದ್ಧತಿಯ ಕಾರಣವನ್ನು ಹಿರಿಯರಿಂದ ಕೇಳಿ ತಿಳಿದು ಬರೆಯಿರಿ.