ಆಯತದ ಜಮೀನು, ಚೌಕದ ಲೆಕ್ಕ



ಹೊಸದಾಗಿ ಅಡಿಕೆ ಹಾಕುವವರು ಕಂಪ್ಯೂಟರಿನಲ್ಲಿ ಜಮೀನಿನ ನಕ್ಷೆಯ ಮೇಲೆ ಚೌಕಗಳ ಜಾಲ ಹರಡಿ, ಗುಂಡಿಗಳ ಸಂಖ್ಯೆಯನ್ನು ಮೊದಲೇ ತಿಳಿಯಬಹುದು. ಕ್ಯೂಜಿಐಎಸ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಪೈಥಾನ್ ಭಾಷೆಯಲ್ಲಿ ಕೆಲವು ಸಾಲು ಬರೆದರೆ ಲೆಕ್ಕ ಸಿದ್ಧ. ಆದರೆ ಬರೆದದ್ದು ತಪ್ಪಾದರೆ ನಷ್ಟ ನಮ್ಮದೇ. ನಾನೇ ಮಾಡಿದ ತಪ್ಪೊಂದನ್ನು ಪಾಠವಾಗಿ ಹೇಳುತ್ತೇನೆ.

ನನ್ನ ತಾಕು 50 ಮೀಟರ್ ಉದ್ದ, 32 ಮೀಟರ್ ಅಗಲ. ಅಡಿಕೆಯ ಅಂತರ 2.7 ಮೀಟರ್, ಎಂದರೆ ಸುಮಾರು 9 ಅಡಿ. ಚೌಕದ ನಡುವೆ ಒಂದೊಂದು ಸಸಿ. ಭಾಗಿಸಿದಾಗ ಉದ್ದಕ್ಕೆ 18.52, ಅಗಲಕ್ಕೆ 11.85 ಚೌಕ ಬಂತು. ಸಮೀಪದ ಪೂರ್ಣಸಂಖ್ಯೆಗೆ ತರುವಂತೆ ಬರೆದೆ. 19ಕ್ಕೆ 12, ಒಟ್ಟು 228 ಸಸಿ ಎಂದಿತು. ಆದರೆ ಈ ಆಯತದ ಉದ್ದ 51.3 ಮೀಟರ್, ಅಗಲ 32.4 ಮೀಟರ್! ಗೂಟ ಹೊಡೆಯುವಾಗ ಕೊನೆಯ ಚೌಕಗಳು ಬೇಲಿ ದಾಟಿದವು. ಹಿಡಿಸುವುದು 18ಕ್ಕೆ 11, ಎಂದರೆ 198 ಮಾತ್ರ. 30 ಸಸಿಗೆ ಕೊಟ್ಟ ಹಣ ವ್ಯರ್ಥವಾಯಿತು.

ಸರಿಯಾದ ಕ್ರಮ ಹೀಗಿದೆ:

1. ಅಕ್ಷಾಂಶ ರೇಖಾಂಶದ ಡಿಗ್ರಿಯಲ್ಲಿ ಚೌಕ ಎಳೆಯಬೇಡಿ. ನಮ್ಮ 13 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ಪೂರ್ವ ಪಶ್ಚಿಮವಾಗಿ ಸುಮಾರು 108.5 ಕಿ.ಮೀ., ಉತ್ತರ ದಕ್ಷಿಣವಾಗಿ ಸುಮಾರು 110.6 ಕಿ.ಮೀ. ಆದ್ದರಿಂದ ಚೌಕ ಚೌಕವಾಗಿ ಉಳಿಯದು. ನಕ್ಷೆಯನ್ನು ಮೊದಲು ಮೀಟರ್ ಅಳತೆಯ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿ.

2. ಜಮೀನು ದಿಕ್ಕಿಗೆ ಓರೆಯಾಗಿದ್ದರೆ ಜಾಲವನ್ನೂ ಅಷ್ಟೇ ಕೋನಕ್ಕೆ ತಿರುಗಿಸಿ.

3. ಅಳತೆಯನ್ನು ಸೆಂಟಿಮೀಟರಿನ ಪೂರ್ಣಸಂಖ್ಯೆಯಾಗಿ ಬರೆದು, ಭಾಗಲಬ್ಧವನ್ನು ಸದಾ ಕೆಳಗಿನ ಪೂರ್ಣಸಂಖ್ಯೆಗೇ ಇಳಿಸಿ: 5000ವನ್ನು 270ರಿಂದ ಭಾಗಿಸಿದರೆ 18, ಶೇಷ 140.

4. ಶೇಷವನ್ನು ಎರಡು ಬದಿಗೂ ಸಮವಾಗಿ ಹಂಚಿ. ನನ್ನ ತಾಕಿನಲ್ಲಿ ಉದ್ದದ ಎರಡು ತುದಿಗೆ 70 ಸೆಂ.ಮೀ., ಅಗಲದ ಎರಡು ಬದಿಗೆ 115 ಸೆಂ.ಮೀ. ಉಳಿಯಿತು. ಹೊಸ ಆಯತ 48.6ಕ್ಕೆ 29.7 ಮೀಟರ್.

ಕೊನೆಯದಾಗಿ ಒಂದು ಮಾತು. ಮೊಬೈಲಿನ ಜಿಪಿಎಸ್ ಹಲವು ಮೀಟರ್ ತಪ್ಪಬಹುದು. ಮರದ ನೆರಳಿನಲ್ಲಿ ಇನ್ನೂ ಹೆಚ್ಚು. ಆದುದರಿಂದ ಉದ್ದ ಅಗಲವನ್ನು ಟೇಪು ಹಿಡಿದೇ ಅಳೆಯಿರಿ, ಗಡಿಗೆ ಸರ್ವೆ ಕಲ್ಲನ್ನೇ ನಂಬಿರಿ. ಸಸಿಗೆ ಮುಂಗಡ ಕೊಡುವುದು ಆಮೇಲಿನ ಮಾತು.