ಬಾಗಿಲಲ್ಲಿ ಇಳಿದ ಬೆಲೆ

ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದ ಓದುಗರೊಬ್ಬರು ಹಳೇ ಮೊಬೈಲ್ ಕೊಟ್ಟು ಹೊಸದು ತರಿಸಿದರು. ಆ್ಯಪ್‌ನಲ್ಲಿ ಕಂಡಿದ್ದು ಒಂದು ಬೆಲೆ. ಬಾಗಿಲಿಗೆ ಬಂದ ಹುಡುಗ ಗಾಜಿನ ಗೀರು ತೋರಿಸಿ ಹೇಳಿದ್ದು ಇನ್ನೊಂದು. ಅವನ ಮೇಲೆ ರೇಗಿ ಫಲವಿಲ್ಲ. ದರ ಅವನ ಕೈಯಲ್ಲಿಲ್ಲ, ಪಾಪ.

ಬೆಲೆ ಒಪ್ಪಿಗೆಯಾಗದಿದ್ದರೆ ಫೋನ್ ಕೊಡದಿರುವುದೇ ಗ್ರಾಹಕರ ದೊಡ್ಡ ಬಲ. ಕೊಟ್ಟಾಗಿದ್ದರೆ ಮೊದಲ ದರದ ಸ್ಕ್ರೀನ್‌ಶಾಟ್, ಬಿಲ್, ಐಎಂಇಐ ಸಂಖ್ಯೆ ಜೋಡಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. 2020ರ ಇ-ವಾಣಿಜ್ಯ ನಿಯಮಗಳಂತೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಸಿಗಬೇಕು.

ಸಿಗಲಿಲ್ಲವೇ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲಿ.

ಆಮೇಲೂ ಕಂಪನಿ ಹಟ ಹಿಡಿದರೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ತಕರಾರು ಹುಟ್ಟಿದ 2 ವರ್ಷದೊಳಗೆ ಹಾಕಬೇಕು, ಅಷ್ಟೆ.