ಫೋನಿನ ಬಸ್ಸಿಗೊಂದು ಬಳಗ: ಹೊಸಬರಿಗೆ ಪರಿಚಯ

ಫೋನಿನಲ್ಲಿ ಬಸ್ ಓಡಿಸುವ ಆಟ ನಿಮಗೆ ಇಷ್ಟ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ನಿಮ್ಮಂಥವರನ್ನು ಹುಡುಕಿ ಒಂದು ಬಳಗ ಕಟ್ಟಬೇಕೆಂಬ ಆಸೆಯೂ ಇದೆ. ಆದರೆ ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ. ಈ ಲೇಖನ ನಿಮಗಾಗಿ. ನಿಮಗೆ ಏನೂ ಗೊತ್ತಿಲ್ಲವೆಂದೇ ಇಟ್ಟುಕೊಂಡು ಮೊದಲಿನಿಂದ ಹೇಳುತ್ತೇನೆ.

ಆಟದ ಹೆಸರು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ. ಆಡುವವರು ಚಿಕ್ಕದಾಗಿ 'ಬಸ್ಸಿಡ್' ಎನ್ನುತ್ತಾರೆ. ಇಂಡೋನೇಷ್ಯಾದ ಮಾಲಿಯೊ ಎಂಬ ಸಂಸ್ಥೆ ಇದನ್ನು 2017ರಲ್ಲಿ ಹೊರತಂದಿತು. ನಿಜವಾದ ವಾಹನ ಓಡಿಸಿದ ಅನುಭವವನ್ನು ಆದಷ್ಟು ಹತ್ತಿರದಿಂದ ಕೊಡುವ ಆಟಕ್ಕೆ ಸಿಮ್ಯುಲೇಟರ್ ಎಂದು ಹೆಸರು. ದೂರದ ದೇಶದ ಈ ಆಟ ನಮ್ಮಲ್ಲಿ ಬೇರುಬಿಟ್ಟದ್ದಕ್ಕೆ ಕಾರಣಗಳಿವೆ. ಅಲ್ಲಿಯೂ ವಾಹನಗಳು ರಸ್ತೆಯ ಎಡಬದಿಯಲ್ಲೇ ಸಾಗುತ್ತವೆ, ಚಾಲಕ ಬಲಕ್ಕೆ ಕೂರುತ್ತಾನೆ. ಹಾಗಾಗಿ ನಮ್ಮ ಕಣ್ಣಿಗೆ ಏನೂ ತಿರುಗುಮುರುಗು ಅನ್ನಿಸುವುದಿಲ್ಲ. ಸಾಧಾರಣ ಫೋನಿನಲ್ಲೂ ಆಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸಿಗೆ ನಿಮ್ಮದೇ ಬಣ್ಣ ಬಳಿಯಲು ಆಟವೇ ಅವಕಾಶ ಕೊಡುತ್ತದೆ. ಕರ್ನಾಟಕ, ಕೇರಳಗಳ ಹುಡುಗರು ತಮ್ಮ ತಮ್ಮ ಊರಿನ ಬಸ್ಸುಗಳನ್ನು ಆ ರಸ್ತೆಗಳಲ್ಲಿ ಓಡಿಸುತ್ತಿರುವುದು ಈ ಒಂದು ಸೌಲಭ್ಯದಿಂದ.

ರೇಸ್ ಆಟ ಬಿಟ್ಟು ಬಸ್ ಆಟವೇ ಏಕೆ ಎಂದು ನೀವು ಕೇಳಬಹುದು. ರೇಸಿನಲ್ಲಿ ಗೆಲ್ಲುವವರು ಒಬ್ಬರೇ. ದಿನವೂ ಕೊನೆಗೆ ಬರುವವರು ಸ್ವಲ್ಪ ದಿನ ನೋಡಿ ಸುಮ್ಮನೆ ಬಿಟ್ಟುಹೋಗುತ್ತಾರೆ, ಬಳಗ ಸಣ್ಣದಾಗುತ್ತದೆ. ಇದು ರೇಸ್ ಆಟದವರಿಗೂ ಗೊತ್ತು. 2008ರಲ್ಲಿ ಶುರುವಾದ ಐರೇಸಿಂಗ್ ಎಂಬ ಪ್ರಸಿದ್ಧ ರೇಸ್ ಆಟದಲ್ಲಿ ಪ್ರತಿ ಚಾಲಕನಿಗೂ ಸುರಕ್ಷತೆಯ ಅಂಕವಿದೆ. ಗುದ್ದಿದರೆ, ಹಾದಿ ತಪ್ಪಿದರೆ ಅಂಕ ಇಳಿಯುತ್ತದೆ. ಅಚ್ಚುಕಟ್ಟಾಗಿ ಓಡಿಸಿದರೆ ಏರುತ್ತದೆ, ಮೇಲಿನ ದರ್ಜೆಯ ಲೈಸೆನ್ಸ್ ಸಿಗುತ್ತದೆ. ಗೆಲ್ಲದವರಿಗೂ ಮರ್ಯಾದೆ ಸಿಗುವ ದಾರಿ ಅದು. ನಿಮ್ಮ ಬಳಗದಲ್ಲೂ ಅಂಥ ದಾರಿಗಳು ಹಲವು ಇರಬೇಕು. ಬಸ್ ಆಟದಲ್ಲಿ ಅವು ತಾವಾಗಿ ಸಿಗುತ್ತವೆ.

ಅವುಗಳಲ್ಲಿ ಮೊದಲನೆಯದು ಸ್ಕಿನ್ ಮಾಡುವ ಕೆಲಸ. ಬಸ್ಸಿನ ಮೈಮೇಲೆ ಅಂಟುವ ಬಣ್ಣದ ಹೊದಿಕೆಗೆ ಸ್ಕಿನ್ ಅಥವಾ ಲಿವರಿ ಎಂದು ಹೆಸರು. ಅದು ಒಂದು ಚಪ್ಪಟೆ ಚಿತ್ರ, ಅಷ್ಟೆ. ಬಸ್ಸಿನ ಎಡಮೈ, ಬಲಮೈ, ಮುಂಭಾಗ, ಹಿಂಭಾಗಗಳನ್ನು ಬಿಚ್ಚಿ ಒಂದೇ ಹಾಳೆಯ ಮೇಲೆ ಹರಡಿದಂತೆ ಕಾಣುತ್ತದೆ. ಈ ಖಾಲಿ ನಕ್ಷೆಯನ್ನು ಟೆಂಪ್ಲೇಟ್ ಎನ್ನುತ್ತಾರೆ. ಫೋನಿನ ಯಾವುದಾದರೂ ಚಿತ್ರ ತಿದ್ದುವ ಆ್ಯಪ್‌ನಲ್ಲಿ ಅದನ್ನು ತೆರೆದು ಕಿಟಕಿಯ ಕೆಳಗಿನ ಪಟ್ಟಿ, ಸಂಸ್ಥೆಯ ಹೆಸರು, ಊರಿನ ಬೋರ್ಡು ಎಲ್ಲವನ್ನೂ ಬರೆಯಬೇಕು. ನಮ್ಮ ಭಾಗದ ಸಾರಿಗೆ ಸಂಸ್ಥೆಯ ಹೆಸರಿನಲ್ಲಿ 2021ರವರೆಗೆ 'ಈಶಾನ್ಯ ಕರ್ನಾಟಕ' ಇತ್ತು, ಈಗ 'ಕಲ್ಯಾಣ ಕರ್ನಾಟಕ' ಇದೆ. ಯಾವ ಕಾಲದ ಬಸ್ಸು ಮಾಡುತ್ತಿದ್ದೀರಿ ಎಂದು ಮೊದಲೇ ತೀರ್ಮಾನಿಸಿ. ನೋಡುವ ಕಣ್ಣುಗಳು ಅದನ್ನು ಖಂಡಿತ ಗಮನಿಸುತ್ತವೆ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. 'ಹರಪನಹಳ್ಳಿ – ಕೊಟ್ಟೂರು – ಕೂಡ್ಲಿಗಿ' ಎಂದು ಬೋರ್ಡು ಬರೆಯಲು ಹೋದರೆ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಿಡಿಯಾಗಿ ನಿಲ್ಲುತ್ತದೆ. ಡಿಟಿಪಿ ಅಂಗಡಿಗಳಲ್ಲಿರುವ ಹಳೆಯ ನುಡಿ, ಬರಹ ಫಾಂಟುಗಳನ್ನು ಹಾಕಿದರೆ ಇನ್ನೂ ಕಷ್ಟ, ಅರ್ಥವಿಲ್ಲದ ಗುರುತುಗಳು ಮೂಡುತ್ತವೆ. ಫೋನಿನಲ್ಲಿ ನಾವು ಟೈಪ್ ಮಾಡುವುದು ಯೂನಿಕೋಡ್ ಅಕ್ಷರ, ಆ ಫಾಂಟುಗಳು ಯೂನಿಕೋಡ್‌ಗೆ ಮುಂಚಿನ ಪದ್ಧತಿಯವು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಮುಂತಾದ ಯೂನಿಕೋಡ್ ಫಾಂಟುಗಳು ಉಚಿತವಾಗಿ ಸಿಗುತ್ತವೆ, ಅವನ್ನು ಬಳಸಿ. ಆಗಲೂ ಒತ್ತು ಸರಿಯಾಗದಿದ್ದರೆ ಆ್ಯಪ್ ಬದಲಿಸಿ. 'ಟ'ದ ಒತ್ತು ಸರಿಯಾಗಿ ಕೂತ ಕೊಟ್ಟೂರಿನ ಬೋರ್ಡು ನೋಡಿದಾಗ ಆಗುವ ಸಂತೋಷ ನಿಮಗೂ ತಿಳಿಯಲಿ.

ಬೋರ್ಡಿನ ಬರಹ, ಬಣ್ಣ, ಬಸ್ಸು ಹೋಗುವ ದಾರಿ ಇವೆಲ್ಲ ಸರಿಯಿರಬೇಕಾದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿದವರು ಬೇಕು. ಆಟ ಆಡಲು ಒಳ್ಳೆಯ ಫೋನ್ ಇಲ್ಲದವರೂ ಬಳಗಕ್ಕೆ ಬರುವುದು ಈ ಬಾಗಿಲಿನಿಂದ. ಹಡಗಲಿಗೆ ಬೆಳಿಗ್ಗೆ ಮೊದಲು ಬರುವ ಬಸ್ಸು ಯಾವ ಡಿಪೋದ್ದು, ಹಗರಿಬೊಮ್ಮನಹಳ್ಳಿಯ ಮೇಲೆ ಯಾವ ಯಾವ ಊರಿನ ಬಸ್ಸು ಹಾಯುತ್ತದೆ ಎಂದು ಬಾಯಲ್ಲೇ ಹೇಳುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇರುತ್ತಾರೆ. ಅವರನ್ನು ಕರೆಯಿರಿ. ಬಸ್ಸಿನ ಫೋಟೋ ತೆಗೆಯುವ ಮುನ್ನ ಚಾಲಕರನ್ನೋ ನಿರ್ವಾಹಕರನ್ನೋ ಒಂದು ಮಾತು ಕೇಳಲಿ, ಅವರ ಮುಖ ಫೋಟೋದಲ್ಲಿ ಬಾರದಂತೆ ನೋಡಿಕೊಳ್ಳಲಿ.

ಸ್ಕಿನ್ ಹಂಚುವಾಗ ಒಂದು ನಿಯಮವನ್ನು ಮಾತ್ರ ಸಡಿಲಿಸಬೇಡಿ: ಮಾಡಿದವರ ಹೆಸರು ಜೊತೆಗಿರಲೇಬೇಕು. ನನಗೆ ತಿಳಿದಂತೆ ಇಂಥ ಬಳಗಗಳು ಹೆಚ್ಚಾಗಿ ಒಡೆಯುವುದು ಆಟದ ಜಗಳದಿಂದಲ್ಲ. ಒಬ್ಬರು ರಾತ್ರಿಯೆಲ್ಲ ಕೂತು ಮಾಡಿದ್ದನ್ನು ಇನ್ನೊಬ್ಬರು ತಮ್ಮದೆಂದು ಹಾಕಿಕೊಂಡಾಗ. ಬಸ್ಸಿನ ಆಕಾರವನ್ನೇ ಬದಲಿಸುವ ಫೈಲಿಗೆ ಮಾಡ್ ಎನ್ನುತ್ತಾರೆ. ಅದಕ್ಕೂ ಇದೇ ನಿಯಮ. ಮಾಡ್ ಎಂದು ಯಾರಾದರೂ ಕಳಿಸಿದ ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' ಎಂದಿದ್ದರೆ ತೆರೆಯಬೇಡಿ. ಅದು ಬಸ್ಸಲ್ಲ, ಫೋನಿಗೆ ಇಳಿಯಲು ಕಾದಿರುವ ಬೇರೊಂದು ಆ್ಯಪ್.

ಇನ್ನು ಒಟ್ಟಿಗೆ ಆಡುವ ವಿಚಾರ. ಒಬ್ಬರು ಆಟದಲ್ಲಿ ರೂಮ್ ತೆರೆಯುತ್ತಾರೆ, ಉಳಿದವರು ಸೇರುತ್ತಾರೆ, ಬಸ್ಸುಗಳು ಸಾಲಾಗಿ ಹೊರಡುತ್ತವೆ. ಇದು ಕಾನ್ವಾಯ್. ಕೊಟ್ಟೂರೇಶ್ವರನ ತೇರಿಗೆ ಪಾದಯಾತ್ರೆ ಹೊರಟವರ ಗುಂಪನ್ನು ನೀವು ನೋಡಿರುತ್ತೀರಿ. ಕಾಲು ನೋಯುತ್ತಿರುವವರ ನಡಿಗೆಯೇ ಗುಂಪಿನ ನಡಿಗೆಯಾಗುತ್ತದೆ. ಕಾನ್ವಾಯ್‌ಗೂ ಅದೇ ಲೆಕ್ಕ. ಅನುಭವಸ್ಥರೊಬ್ಬರು ಮುಂದೆ, ಇನ್ನೊಬ್ಬರು ಕಟ್ಟಕಡೆಗೆ, ಹೊಸಬರು ನಡುವೆ ಇರಲಿ. ಓವರ್‌ಟೇಕ್ ಬೇಡ. ಗುದ್ದಿದವರನ್ನು ಅಲ್ಲೇ ಬೈಯದೆ ಆಟ ಮುಗಿದ ಮೇಲೆ ಮಾತನಾಡಿ. ಟ್ರಕ್ ಓಡಿಸುವ ಆಟವೊಂದರ ಸುತ್ತ ಬೆಳೆದ ಟ್ರಕರ್ಸ್‌ಎಂಪಿ ಎಂಬ ದೊಡ್ಡ ಬಳಗದಲ್ಲಿ ದೂರು ಕೊಡುವವರು ವಿಡಿಯೊವನ್ನೋ ಚಿತ್ರವನ್ನೋ ಸಾಕ್ಷಿಯಾಗಿ ಕೊಡಬೇಕು, ಅದನ್ನು ನೋಡಿ ತೀರ್ಮಾನಿಸುವವರು ಸ್ವಯಂಸೇವಕರು. ನೀವೂ ಈ ಪದ್ಧತಿ ತನ್ನಿ, ಅರ್ಧ ಜಗಳ ಹುಟ್ಟುವುದೇ ಇಲ್ಲ.

ಎಲ್ಲರೂ ಸೇರುವ ಜಾಗ ಯಾವುದು? ವಾಟ್ಸಾಪ್ ಗ್ರೂಪ್ ಸುಲಭ, ಆದರೆ ಅಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಗುರುತಿಲ್ಲದವರಿಗೆ ನಂಬರು ಸಿಗುತ್ತದೆಂದು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ, ಚಿಕ್ಕ ಮಕ್ಕಳ ಮನೆಯವರೂ ಒಪ್ಪುವುದಿಲ್ಲ. ಅವರ ಅಂಜಿಕೆ ನ್ಯಾಯವಾದದ್ದು. ಡಿಸ್ಕಾರ್ಡ್ ಎಂಬ ಆ್ಯಪ್‌ನಲ್ಲಿ ನಂಬರು ಕಾಣಿಸುವುದಿಲ್ಲ. ಮಾತಿಗೆ ಒಂದು ಕೋಣೆ, ಸ್ಕಿನ್ ಹಂಚಲು ಇನ್ನೊಂದು ಎಂದು ಬೇರೆ ಬೇರೆ ಇಡಬಹುದು. ಕಲಿಯಲು ತುಸು ಸಮಯ ಹಿಡಿದರೂ ಅದನ್ನೇ ಆರಿಸಿ.

ಹಣದ ಮಾತು ಬಂದರೆ ಗಟ್ಟಿಯಾಗಿ ಬೇಡವೆನ್ನಿ. ಹಣ ಕಟ್ಟಿ, ಗೆದ್ದವರಿಗೆ ಹಣ ಹಂಚುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರ್ಕಾರದ 2025ರ ಕಾಯ್ದೆ ನಿಷೇಧಿಸಿದೆ.

ಕೊನೆಯದಾಗಿ ಅಡ್ಮಿನ್, ಅಂದರೆ ಬಳಗವನ್ನು ನೋಡಿಕೊಳ್ಳುವವರು. ಒಬ್ಬರೇ ಇದ್ದರೆ ಸಾಲದು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಅರ್ಧ ಬಳಗ ಕಾಣೆಯಾಗುತ್ತದೆ, ಆಗಬೇಕಾದ್ದೂ ಹಾಗೆಯೇ. ಆದ್ದರಿಂದ ಬೇರೆ ಬೇರೆ ಊರಿನ, ಬೇರೆ ಬೇರೆ ವಯಸ್ಸಿನ ಮೂವರಿಗೆ ಕೀಲಿ ಕೊಡಿ. ಒಬ್ಬರಾದರೂ ಕಾಲೇಜು ಮುಗಿಸಿದವರಿರಲಿ. ವಾರಕ್ಕೊಂದು ಕಾನ್ವಾಯ್ ಸಾಕು, ದಿನ ಮತ್ತು ಗಂಟೆ ಬದಲಾಗದಿರಲಿ. ಮೊದಲ ವಾರ ಮೂರೇ ಬಸ್ಸು ಬಂದರೂ ಹೇಳಿದ ಹೊತ್ತಿಗೆ ಹೊರಡಿ.